ಸಹಿ ಯಾರದು?

ಬೆಳಗ್ಗೆ ಅತ್ತಿಗೆ ಜೊತೆ ಕಲಬುರಗಿಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಪಕ್ಕದಲ್ಲಿ ಜೇವರ್ಗಿ ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ಕಾಲ ಹತ್ತಿರ ರೊಟ್ಟಿ ಬುತ್ತಿ. ಮೂರನೆಯ ಮಗು ಈಗ ಬೇಡ, ಗರ್ಭ ತೆಗೆಸಬೇಕು ಅಂತ ಬಂದಿದ್ದಳು. ಕೌಂಟರಿನಲ್ಲಿ ಗಂಡನ ಸಹಿ ಬೇಕು ಅಂದರು. "ದುಡಿಯಾಕ ಪುಣಾಕ್ಕ ಹೋಗ್ಯಾರ್ರಿ" ಅಂದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

ನನಗೆ ತಡೆಯಲಾಗಲಿಲ್ಲ. 1971ರ ಗರ್ಭಪಾತ ಕಾನೂನಿನಲ್ಲಿ 18 ತುಂಬಿದ ಹೆಣ್ಣಿನ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕಿಲ್ಲ ಅಂತ ಹೇಳಿದೆ. ಆಮೇಲೆ ಒಳಗಿಂದ ಡಾಕ್ಟರ್ ಬಂದು ಅವಳನ್ನು ಕರೆದುಕೊಂಡು ಹೋದರು.

ಹಾಗಂತ ಈ ಹಕ್ಕಿಗೆ ಮಿತಿಯೇ ಇಲ್ಲ ಅಂತಲ್ಲ. 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಬೇಕು. 24ರವರೆಗೆ ಕೆಲವು ಹೆಂಗಸರಿಗೆ ಮಾತ್ರ, ಇಬ್ಬರು ಡಾಕ್ಟರ್ ಒಪ್ಪಬೇಕು. 2023ರ ಅಕ್ಟೋಬರ್‌ನಲ್ಲಿ 26 ವಾರ ದಾಟಿದ ಎರಡು ಮಕ್ಕಳ ತಾಯಿಗೆ ಸುಪ್ರೀಂ ಕೋರ್ಟ್ ಅನುಮತಿ ಕೊಡಲಿಲ್ಲ. ಆ ಸುದ್ದಿ ಓದಿದಾಗ ತುಂಬ ಸಂಕಟ ಆಗಿತ್ತು. ಅಷ್ಟು ಬೆಳೆದ ಜೀವ ಏನೂ ಅಲ್ಲ ಅನ್ನಲು ನನಗೆ ಬಾಯಿ ಬರಲ್ಲ. ಬೇಡವೆಂದವಳು ಹೊರಲೇಬೇಕು ಅನ್ನೋದಕ್ಕೂ ಬರಲ್ಲ. ಹೆಣ್ಣು ಅಂತ ತಿಳಿದು ತೆಗೆಸುವುದು ಮಾತ್ರ ತಪ್ಪೇ, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೆ ಮಿತಿ ಹಾಕಬೇಕಾದ್ದು ಕಾನೂನು ಅಲ್ವಾ? ಕೌಂಟರಿನಲ್ಲಿ ಕೂತವರು, ಅತ್ತೆ, ಓಣಿಯ ಮಂದಿ ಯಾಕೆ ಹಾಕಬೇಕು?

ನಾವು ಹೊರಡುವಾಗ ಅವಳ ಬುತ್ತಿ ಬೆಂಚಿನ ಕೆಳಗೇ ಇತ್ತು. ಸಿಸ್ಟರ್ ಕೈಗೆ ಕೊಟ್ಟು ಬಂದೆ.