ಆಲ್ಫ್ರಿಸ್ಟನ್‌ನ ಕೆಂಪು ಸಿಂಹ

ಇಂಗ್ಲೆಂಡಿನ ಸಸೆಕ್ಸ್‌ನ ಆಲ್ಫ್ರಿಸ್ಟನ್ ಹಳ್ಳಿಯಲ್ಲಿದ್ದೇನೆ. ಹೈ ಸ್ಟ್ರೀಟ್ ಎಂಬ ಹೆಸರಷ್ಟೇ ದೊಡ್ಡದು. ಕಾರು ಬಂದರೆ ಗೋಡೆಗೆ ಆತುಕೊಂಡು ನಿಲ್ಲಬೇಕು. ಸ್ಟಾರ್ ಇನ್ ಎಂಬ ಹಳೆಯ ತಂಗುಮನೆಯ ಮೂಲೆಯಲ್ಲಿ ಮರದ ಕೆಂಪು ಸಿಂಹವೊಂದು ಕಣ್ಣರಳಿಸಿ ಕುಳಿತಿದೆ. ಒಡೆದುಹೋದ ಡಚ್ ಹಡಗೊಂದರ ಮೂತಿಯಲ್ಲಿತ್ತಂತೆ. ಸಮುದ್ರ ಬಿಟ್ಟು ಬಂದರೂ ಗತ್ತು ಬಿಟ್ಟಿಲ್ಲ! ಎದುರಿನ ಜಾರ್ಜ್ ಇನ್‌ಗೆ 1397ರಲ್ಲೇ ಪರವಾನಗಿ ಸಿಕ್ಕಿತ್ತು. ಅಲ್ಲಿ ಊಟಕ್ಕೆ ಕುಳಿತೆ, ಏಳುವಾಗ ತೊಲೆಗೆ ಹಣೆ ಬಡಿಯಿತು.

ಹುಲ್ಲುಬಯಲಿನ ಪಕ್ಕ ಹುಲ್ಲು ಹೊದೆಸಿದ ಕ್ಲರ್ಜಿ ಹೌಸ್, ಅಂದರೆ ಪಾದ್ರಿಗಳ ಮನೆ. ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಕೊಂಡ ಮೊದಲ ಕಟ್ಟಡವಿದು, 1896ರಲ್ಲಿ, ಬರೀ 10 ಪೌಂಡಿಗೆ. ನನ್ನ ಮಧ್ಯಾಹ್ನದ ಊಟದ ಬಿಲ್ಲು ಅದಕ್ಕಿಂತ ಜಾಸ್ತಿಯಾಗಿತ್ತು. ಒಳಗಿನ ನೆಲಕ್ಕೆ ಸೀಮೆಸುಣ್ಣದ ಕಲ್ಲು ಕುಟ್ಟಿ, ಹುಳಿಹಾಲು ಹೊಯ್ದು ಗಟ್ಟಿ ಮಾಡಿದ್ದಾರೆ. ಹಾಲು ಒಡೆದರೆ ಇನ್ನು ಮೇಲೆ ಚೆಲ್ಲುವಾಗ ಒಂದು ಕ್ಷಣ ಕೈ ತಡೆಯುತ್ತದೆ.