ಹಳಿ ಪಕ್ಕದ ಹೆಸರೆಲ್ಲ ಊರಲ್ಲ

ನಕ್ಷೆಯ ಡೇಟಾ ಸರಿ ಮಾಡುವುದು ನನ್ನ ಕೆಲಸ. ನಮ್ಮ ತಂಡಕ್ಕೆ ಬರುವುದರಲ್ಲಿ ಅಮೆರಿಕದ ನಕ್ಷೆಗಳೇ ಜಾಸ್ತಿ. ಅದರಲ್ಲಿ ತಲೆ ತಿನ್ನುವುದು ರೈಲು ಹಳಿ ಪಕ್ಕದ ಹೆಸರುಗಳು. ನಕ್ಷೆಯಲ್ಲಿ ಊರಿನ ಹೆಸರು ಇರುತ್ತದೆ. ಉಪಗ್ರಹ ಚಿತ್ರ ತೆರೆದರೆ ಹಳಿ, ಹೊಲ, ಅಷ್ಟೇ. ಮನೆ ಹೋಗಲಿ, ಅಡಿಪಾಯದ ಗುರುತೂ ಕಾಣುವುದಿಲ್ಲ.

ಹೊಸದಾಗಿ ಸೇರಿದವರಿಗೆ ಇಂಥದ್ದು ಸಿಕ್ಕರೆ ಭಾರಿ ಖುಷಿ. "ಸರ್, ಪಾಳುಬಿದ್ದ ಊರು ಸಿಕ್ತು" ಅನ್ನುತ್ತಾರೆ. ಅದು ಯಾಕೆ ಮಾಯವಾಯಿತು ಅಂತ ಆಗಲೇ ಹುಡುಕುತ್ತಿರುತ್ತಾರೆ. ನಾನು ಕೇಳುವುದು ಒಂದೇ: "ಅಲ್ಲಿ ಊರು ಇತ್ತು ಅಂತ ಯಾರು ಹೇಳಿದ್ರು?"

ರೈಲು ಕಂಪನಿಗೆ ಹೆಸರು ಬೇಕಾಗಿದ್ದು ಗಾಡಿ ಓಡಿಸಲು. ಒಂಟಿ ಹಳಿಯ ಮೇಲೆ ಎದುರುಬದುರು ಬರುವ ಗಾಡಿಗಳು ಎಲ್ಲಿ ದಾಟಬೇಕು ಅಂತ ತಂತಿಯಲ್ಲಿ ಹೇಳಬೇಕಲ್ಲ, ಅದಕ್ಕೆ ಪ್ರತಿ ಸೈಡಿಂಗಿಗೂ, ಅಂದರೆ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಜೋಡಿ ಹಳಿಗೂ, ಒಂದು ಹೆಸರು ಇಟ್ಟರು. ಕೆಲವು ಕಡೆ ಅದಕ್ಕೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1883ರ ಹೊತ್ತಿಗೆ ಹಾಕಿದ ಮಾರ್ಗ ನೋಡಿ: ಆಂಬಾಯ್, ಬ್ರಿಸ್ಟಲ್, ಕ್ಯಾಡಿಜ್, ಡ್ಯಾನ್‌ಬಿ, ಎಸೆಕ್ಸ್, ಫೆನ್ನರ್, ಗಾಫ್ಸ್. ಇಂಗ್ಲಿಷ್ ಅಕ್ಷರಮಾಲೆಯನ್ನೇ ಸಾಲಾಗಿ ಹಂಚಿದ್ದಾರೆ. ನೆಬ್ರಾಸ್ಕಾದಲ್ಲೂ ಹಾಗೇ: ಕ್ರೀಟ್, ಡಾರ್ಚೆಸ್ಟರ್, ಎಕ್ಸಿಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್. ನೆಬ್ರಾಸ್ಕಾದ ಈ ಹೆಸರುಗಳ ಸುತ್ತ ಊರು ಬೆಳೆಯಿತು. ಮರುಭೂಮಿಯ ಗಾಫ್ಸ್‌ನಲ್ಲೂ 1914ರಲ್ಲಿ ಶಾಲೆ ಕಟ್ಟಿದರು. ಎಲ್ಲ ಹೆಸರಿಗೂ ಆ ಭಾಗ್ಯ ಇರಲಿಲ್ಲ.

ಮುಂದೆ ಅಲ್ಲಿನ ಭೂಸರ್ವೆ ಇಲಾಖೆ ಯುಎಸ್‌ಜಿಎಸ್, ದೇಶದ ಹೆಸರುಗಳ ಪಟ್ಟಿ ಮಾಡಲು ಹೊರಟಾಗ ಮೊದಲು ಹಿಡಿದದ್ದು ನೆಲದ ಏರಿಳಿತ ತೋರಿಸುವ ತನ್ನದೇ ಟೋಪೋ ನಕ್ಷೆಗಳನ್ನು. ಜಿಎನ್‌ಐಎಸ್ ಅನ್ನುವ ಆ ಪಟ್ಟಿಯಲ್ಲಿ ಎಷ್ಟೋ ಸೈಡಿಂಗುಗಳು "ಜನವಸತಿ" ಅಂತ ಸೇರಿಕೊಂಡಿವೆ. ಅಲ್ಲಿಂದ ಹವಾಮಾನದ ಸೈಟು, ಜಾಗ ಮಾರುವ ಸೈಟು, ಇತರ ನಕ್ಷೆಗಳಿಗೆ ಹೋಗಿವೆ. ಹತ್ತು ಕಡೆ ಅದೇ ಹೆಸರು ಇದೆ ಅಂದರೆ ಹತ್ತು ಸಾಕ್ಷಿ ಅಂತ ಲೆಕ್ಕ ಹಾಕಬೇಡಿ. ಮೂಲ ಒಂದೇ.

ಹಾಗಾದರೆ ನೋಡಬೇಕಾದ್ದು ಏನು? ಹೆಚ್ಚಿನವರು ಮೊದಲು ಪೋಸ್ಟಾಫೀಸಿನ ದಾಖಲೆಗೆ ಹೋಗುತ್ತಾರೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ 1832ರಿಂದ 1971ರವರೆಗಿನ ಪೋಸ್ಟ್‌ಮಾಸ್ಟರುಗಳ ನೇಮಕಾತಿ ಪುಸ್ತಕಗಳಿವೆ. ಒಳ್ಳೆಯದೇ. ಆದರೆ ಪೋಸ್ಟಾಫೀಸು ಒಂಟಿ ಅಂಗಡಿಯಲ್ಲೋ ಯಾರದೋ ತೋಟದ ಮನೆಯಲ್ಲೋ ಇದ್ದಿರಬಹುದು. ಮುಚ್ಚಿದ ವರ್ಷವನ್ನು ಊರು ಹೋದ ವರ್ಷ ಅಂತ ಬರೆಯುವುದು ಇನ್ನೂ ಅಪಾಯ. 1896ರಲ್ಲಿ ಹಳ್ಳಿಗರ ಮನೆ ಬಾಗಿಲಿಗೆ ಟಪಾಲು ತಲುಪಿಸುವ ವ್ಯವಸ್ಥೆ ಶುರುವಾಯಿತು. ಆಮೇಲೆ ಸಣ್ಣ ಪೋಸ್ಟಾಫೀಸುಗಳು ಸಾಲುಸಾಲಾಗಿ ಮುಚ್ಚಿದವು. ಜನ ಇದ್ದಲ್ಲೇ ಇದ್ದರು. ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಪೋಸ್ಟಾಫೀಸಿನ ಜಾಗದ ಬಗ್ಗೆ ತುಂಬಿಸಿ ಕಳಿಸುತ್ತಿದ್ದ ಫಾರಂ. ಹಳಿಯಿಂದ ಎಷ್ಟು ದೂರ, ಯಾವ ದಿಕ್ಕಿಗೆ, ಹತ್ತಿರದ ಹೊಳೆ ಯಾವುದು, ಎಲ್ಲ ಅದರಲ್ಲಿ ಇರುತ್ತದೆ. ಕೈಯಲ್ಲಿ ಗೀಚಿದ ನಕ್ಷೆಯೂ ಇದ್ದರೆ ಹಬ್ಬ!

ಅದಕ್ಕಿಂತ ನಾನು ನಂಬುವುದು ರೈಲ್ವೆ ನೌಕರರ ಟೈಮ್‌ಟೇಬಲನ್ನು. ಪ್ರಯಾಣಿಕರದ್ದು ಬೇಡ. ನೌಕರರದ್ದರಲ್ಲಿ ಪ್ರತಿ ಹೆಸರಿನ ಎದುರು ಸೈಡಿಂಗಿನಲ್ಲಿ ಎಷ್ಟು ವ್ಯಾಗನ್ ಹಿಡಿಯುತ್ತದೆ, ನೀರು ಸಿಗುತ್ತದಾ, ತಂತಿ ಆಪರೇಟರ್ ಹಗಲು ಮಾತ್ರವಾ ರಾತ್ರಿಯೂ ಇರುತ್ತಾನಾ ಅನ್ನುವ ಗುರುತುಗಳಿರುತ್ತವೆ. ತಪ್ಪಾದರೆ ಗಾಡಿಗೆ ಗಾಡಿ ಗುದ್ದುತ್ತದೆ. ಹಾಗಾಗಿ ಸುಮ್ನೆ ಬರೆದದ್ದಲ್ಲ. ರಾತ್ರಿಯೂ ಆಪರೇಟರ್ ಇದ್ದಾನೆ ಅಂದರೆ ಅಲ್ಲಿ ಮಲಗುವವರು, ಅಡುಗೆ ಮಾಡುವವರು ಇದ್ದರು ಅಂತ ಅರ್ಥ. ಬೇರೆ ಬೇರೆ ವರ್ಷದ ಟೈಮ್‌ಟೇಬಲ್ ಪಕ್ಕಪಕ್ಕ ಇಟ್ಟರೆ ಆ ಜಾಗ ಕಂತಿನಲ್ಲಿ ಖಾಲಿಯಾಗುವುದು ಕಾಣುತ್ತದೆ. ಒಂದರಲ್ಲಿ ರಾತ್ರಿ ಆಪರೇಟರ್ ಇಲ್ಲ. ಮುಂದಿನದರಲ್ಲಿ ನೀರಿನ ಗುರುತಿಲ್ಲ. ಕೊನೆಗೆ ಹೆಸರೇ ಇಲ್ಲ.

ಕಾರಣ ನಿಗೂಢವೇನಲ್ಲ. ಉಗಿ ಎಂಜಿನ್ನಿಗೆ ಆಗಾಗ ನೀರು ಬೇಕಿತ್ತು. ಕೆಲವೇ ಮೈಲಿಗೊಂದು ಗ್ಯಾಂಗ್ ಹಳಿ ನೋಡಿಕೊಳ್ಳುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಡೀಸೆಲ್ ಬಂತು. 1960ರ ಹೊತ್ತಿಗೆ ದೊಡ್ಡ ಕಂಪನಿಗಳಲ್ಲಿ ಉಗಿ ಎಂಜಿನ್ ಹೆಚ್ಚುಕಡಿಮೆ ಮುಗಿದಿತ್ತು. ಹಳಿ ಕೆಲಸಕ್ಕೆ ಯಂತ್ರ ಬಂತು, ಸಿಗ್ನಲ್ ದೂರದಿಂದಲೇ ನಡೆಸುವಂತಾಯಿತು. ನೆಲ, ಮನೆ ಎರಡೂ ಕಂಪನಿಯದ್ದಾದ ಕಡೆ ನೌಕರರಿಗೆ ವರ್ಗ ಆಯಿತು, ಮರದ ಮನೆಗಳನ್ನು ಬಿಚ್ಚಿದರು ಅಥವಾ ಸಾಗಿಸಿದರು. ಉಪಗ್ರಹ ಚಿತ್ರದಲ್ಲಿ ಅಡಿಪಾಯ ಹುಡುಕಿದರೆ ಎಲ್ಲಿ ಸಿಗಬೇಕು? ಜನಗಣತಿಯಲ್ಲೂ ಇಂಥವರನ್ನು ಸಾಮಾನ್ಯವಾಗಿ ಸುತ್ತಲಿನ ಟೌನ್‌ಶಿಪ್ಪಿನ (ನಮ್ಮ ಹೋಬಳಿಯಂಥ ವಿಭಾಗದ) ಲೆಕ್ಕಕ್ಕೆ ಸೇರಿಸಿಬಿಡುತ್ತಿದ್ದರು.

ಶಾಲೆ ಇತ್ತು ಅಂತ ಗೊತ್ತಾದರೆ ನಾನು ಅರ್ಧ ಒಪ್ಪುತ್ತೇನೆ. ಸ್ಮಶಾನ ಸಿಕ್ಕರೆ ವಾದ ಮಾಡುವುದಿಲ್ಲ, ಊರು ಅಂತಲೇ ಬರೆಯಿರಿ ಅನ್ನುತ್ತೇನೆ.

ಇನ್ನೂ ಬಗೆಹರಿಯದ ಜಗಳ ಒಂದಿದೆ. ಕೆಲವು ಕಡೆ ಹಳಿ ಪಕ್ಕ ದೊಡ್ಡ ಧಾನ್ಯದ ಗೋದಾಮು ಉಳಿದಿದೆ. ಕಾಳು ತುಂಬಲು ಗೂಡ್ಸ್ ಗಾಡಿ ಈಗಲೂ ಬರುತ್ತದೆ, ಸುತ್ತಲಿನ ರೈತರು ಜಾಗವನ್ನು ಹಳೆ ಹೆಸರಿನಿಂದಲೇ ಕರೆಯುತ್ತಾರೆ. ರಾತ್ರಿ ಮಾತ್ರ ಅಲ್ಲಿ ಯಾರೂ ಇರುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರು ಹೆಸರು ತೆಗೆಯಿರಿ ಅನ್ನುತ್ತಾರೆ. ನಾನು ಹೆಸರು ಇರಲಿ, "ಜನವಸತಿ" ಮಾತ್ರ ತೆಗೆಯಿರಿ ಅನ್ನುತ್ತೇನೆ. ಲಾರಿಯವನಿಗೆ ದಾರಿ ಗೊತ್ತಾಗಬೇಕು, ಅಲ್ವಾ?