ಕಂಪನಿ ತಂಡಕ್ಕೆ ಎಂಥ ಇತಿಹಾಸ?

ನಾನು ನಮ್ಮೂರಿನ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಅಭಿಮಾನಿ ಎಂದು ತಿಳಿದೊಡನೆ, ಅದರಲ್ಲೂ ಕೋಲ್ಕತ್ತದ ಗೆಳೆಯರಿಂದ, ತಪ್ಪದೆ ಬರುವ ಪ್ರಶ್ನೆಯೊಂದಿದೆ: ಕಂಪನಿಯೊಂದು ಮೊನ್ನೆ ಮೊನ್ನೆ ಕಟ್ಟಿದ ತಂಡಕ್ಕೆ ಎಂಥ ಇತಿಹಾಸ, ಅದರ ಮೇಲೆ ಎಂಥ ಅಭಿಮಾನ?

ಮೊದಲ ಮಾತು ಒಪ್ಪತಕ್ಕದ್ದೇ. ಕ್ಲಬ್ಬನ್ನು 2013ರಲ್ಲಿ ಕಟ್ಟಿದ್ದು ಜೆಎಸ್‌ಡಬ್ಲ್ಯು ಸಮೂಹ. ಆದರೆ ನಮ್ಮೂರಿನ ಫುಟ್‌ಬಾಲ್ ಬಹುಕಾಲ ಉಳಿದುಬಂದದ್ದೇ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ಆಶ್ರಯದಲ್ಲಿ. ಕಂಪನಿ ತಂಡ ಎನ್ನುವುದು ಇಲ್ಲಿ ಬೈಗುಳವಾಗಿ ಕೇಳಿಸುವುದಿಲ್ಲ. ಅದಕ್ಕೂ ಹಿಂದೆ, 1937ರಲ್ಲಿಯೇ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದು ತಂದಿತ್ತು. ಹೊಸ ಕ್ಲಬ್ ಬಂದದ್ದು ಬರಡು ನೆಲಕ್ಕಲ್ಲ.

ಆಶ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ, ಸುನಿಲ್ ಛೆಟ್ರಿ ನಾಯಕತ್ವದಲ್ಲಿ, ತಂಡ ಮೊದಲ ಋತುವಿನಲ್ಲಿಯೇ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ ಚಾಂಪಿಯನ್ ಆಯಿತು. ಅಷ್ಟು ಬೇಗ ಸಿಕ್ಕ ಗೆಲುವಿಗೆ ಅಭಿಮಾನವನ್ನು ಬೇರೂರಿಸುವ ಶಕ್ತಿ ಇರಲಿಲ್ಲವೆಂದೇ ನನ್ನ ಅನಿಸಿಕೆ. ಆ ಕೆಲಸ ಮಾಡಿದ್ದು 2015ರ ಮೇ 31ರ ಸೋಲಿನಂಥ ಡ್ರಾ. ಲೀಗಿನ ಕೊನೆಯ ಪಂದ್ಯ, ಕಂಠೀರವ ಕ್ರೀಡಾಂಗಣ. ನಮಗೆ ಗೆಲ್ಲಲೇಬೇಕು, ಕೋಲ್ಕತ್ತದ ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಲ್ಲೋ ರಜಾಕ್ ತಲೆ ಕೊಟ್ಟರು, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು.

ಮರುವರ್ಷ ಲೀಗ್ ಮತ್ತೆ ನಮ್ಮದಾಯಿತು. ಆದರೂ ಕ್ಲಬ್ಬಿನ ಅತಿದೊಡ್ಡ ಸಾಧನೆ ಯಾವುದೆಂದರೆ ನಾನು ಯಾವ ಟ್ರೋಫಿಯ ಹೆಸರನ್ನೂ ಹೇಳುವುದಿಲ್ಲ; 2016ರ ಅಕ್ಟೋಬರ್ 19ರ ರಾತ್ರಿ ಎನ್ನುತ್ತೇನೆ. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಹಂತ. ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೋರ್. ಆರಂಭದಲ್ಲಿಯೇ ಗೋಲು ಬಿಟ್ಟುಕೊಟ್ಟ ತಂಡವನ್ನು ಛೆಟ್ರಿ ಎರಡು ಗೋಲು ಹೊಡೆದು ಎತ್ತಿ ನಿಲ್ಲಿಸಿದರು, ಹುವಾನನ್ ಮೂರನೆಯದನ್ನು ಸೇರಿಸಿದರು. ಆ ಟೂರ್ನಿಯ ಫೈನಲ್ ಕಂಡ ಮೊದಲ ಭಾರತೀಯ ಕ್ಲಬ್ ನಮ್ಮದು. ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ ಒಂದೇ ಗೋಲಿನಿಂದ ನಮ್ಮನ್ನು ಸೋಲಿಸಿತೆನ್ನುವುದು ಆ ರಾತ್ರಿಯ ಬೆಲೆಯನ್ನು ನನ್ನ ಪಾಲಿಗೆ ಕಡಿಮೆ ಮಾಡಿಲ್ಲ.

ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದ ಮೇಲಿನ ಕಥೆ ಬಹುಮಂದಿಗೆ ಗೊತ್ತಿದೆ. 2018ರ ಮಾರ್ಚ್ 17ರಂದು ಕಂಠೀರವದಲ್ಲಿಯೇ ಚೆನ್ನೈಯಿನ್ ಎದುರು ಫೈನಲ್ ಸೋತೆವು. ಸರಿಯಾಗಿ ಒಂದು ವರ್ಷದ ಬಳಿಕ, ಅದೇ ದಿನಾಂಕದಂದು, ಮುಂಬಯಿಯಲ್ಲಿ ರಾಹುಲ್ ಭೆಕೆ 117ನೇ ನಿಮಿಷದಲ್ಲಿ ಹೆಡರ್ ಮಾಡಿ ಗೋವಾ ವಿರುದ್ಧ ಕಪ್ ಗೆದ್ದುಕೊಟ್ಟರು. ಅದೂ ಕಾರ್ನರ್‌ನಿಂದಲೇ ಬಂದ ಗೋಲು, ಬಾಕಿ ತೀರಿಸಿದ ಹಾಗೆ. 2022ರಲ್ಲಿ ಡುರಾಂಡ್ ಕಪ್ ಕೂಡ ಬಂತು. ನಡುವೆ ಮಂಕಾದ ಋತುಗಳೂ ಇದ್ದವು. 2023-24ರಲ್ಲಿ ತಂಡ ಹತ್ತನೇ ಸ್ಥಾನಕ್ಕಿಳಿದಾಗಲೂ ಪಶ್ಚಿಮ ಗ್ಯಾಲರಿಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ನೀಲಿ ಅಂಗಿ ಮಡಚಿಡಲಿಲ್ಲ.

ಇಷ್ಟನ್ನೂ ಕೇಳಿದ ಕೋಲ್ಕತ್ತದ ಗೆಳೆಯರು ಸಾಮಾನ್ಯವಾಗಿ ನಗುತ್ತಾರೆ, ಅದಕ್ಕೆ ಕಾರಣವೂ ಇದೆ. 2013ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೊದಲ ಲೀಗ್ ಪಂದ್ಯದ ಎದುರಾಳಿ ಮೋಹನ್ ಬಾಗಾನ್. 2023ರ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ, 2025ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ನಮ್ಮನ್ನು ಸೋಲಿಸಿದ್ದೂ ಅವರೇ.